ನಿಂತುಹೋದ ಹೂಂ

ಹೊಳೆದಂಡೆಯ ಆ ಮಠಕ್ಕೆ ಆಸ್ತಿ ಅಂತ ಇದ್ದದ್ದು ಬರೀ ಕಥೆಗಳು. ಉಪ್ಪಿನ ವ್ಯಾಪಾರಿಗಳು, ಹಡಗಿನವರು, ಯಾತ್ರಿಕರು ಕಂಡಕಂಡ ದೇಶಗಳಿಂದ ಹೊತ್ತು ತಂದವು. ಮಠದ ಸ್ವಾಮಿ ತೋಂಟಯ್ಯಜ್ಜ ಅವನ್ನೆಲ್ಲ ನೆನಪಿಟ್ಟು ಸಂಜೆ ಹೊತ್ತು ದೋಣಿಯವರ ಮಕ್ಕಳಿಗೆ ಹೇಳುತ್ತಿದ್ದರು.

ಅಲ್ಲಿ ಕಟ್ಟಳೆ ಒಂದೇ. ಒಂದೊಂದು ಮಾತಿಗೂ ಕೇಳುವವರು ಹೂಂ ಅನ್ನಬೇಕು. ಹೂಂ ನಿಂತರೆ ಕಥೆಯೂ ಅಲ್ಲೇ ನಿಲ್ಲಬೇಕು.

ಅಜ್ಜನ ದನಿ ಕುಗ್ಗಿದ ಮೇಲೆ ಶಿಷ್ಯ ಸೋಮಲಿಂಗ ಕಥೆ ಹೇಳತೊಡಗಿದ. ಒಳ್ಳೆಯ ಮಾತುಗಾರ. ಮಕ್ಕಳು ನಕ್ಕರೆ ಅವನಿಗೆ ಹೊಟ್ಟೆ ತುಂಬುತ್ತಿತ್ತು. ಅತ್ತರೆ ಮಾತ್ರ ಪುಣ್ಯಾತ್ಮನಿಗೆ ತಡೆಯಲಾಗುತ್ತಿರಲಿಲ್ಲ.

ಒಂದು ಸಂಜೆ ಹಿಮದ ನಾಡಿನ ಕೊಕ್ಕರೆಯ ಕಥೆ ಎತ್ತಿಕೊಂಡ. ತಾಯಿ ಕೊಕ್ಕರೆ ಮೇವಿಗೆಂದು ಕಡಲು ದಾಟಿ ಹೋಗುತ್ತದೆ. ತಿರುಗಿ ಬರುವುದಿಲ್ಲ. ಮರಿ ಕಾಯುತ್ತದೆ, ಅಳುತ್ತದೆ, ಕಡೆಗೆ ತಾನೇ ರೆಕ್ಕೆ ಬಿಚ್ಚುತ್ತದೆ. ಅಜ್ಜ ಹೇಳಿಕೊಟ್ಟ ಕಥೆ ಅದು.

ಎದುರಿಗೆ ನೀಲವ್ವ ಕೂತಿದ್ದಳು. ಹಿಂದಿನ ಮಳೆಗಾಲದಲ್ಲಿ ಹರಿಗೋಲು ಮಗುಚಿ ಅವಳ ಅವ್ವ ಹೊಳೆಯ ಪಾಲಾಗಿದ್ದಳು. ಹೆಣವೂ ಸಿಕ್ಕಿರಲಿಲ್ಲ. ಎಲ್ಲರಿಗಿಂತ ಗಟ್ಟಿಯಾಗಿ ಹೂಂ ಅನ್ನುತ್ತಿದ್ದವಳು ಅವಳೇ.

ತಾಯಿ ಕಡಲು ದಾಟಿದ ಮಾತಿಗೆ ಬಂದಾಗ ಸೋಮಲಿಂಗ ಅವಳ ಮುಖ ನೋಡಿದ. "ತಾಯಿ ಕೊಕ್ಕರಿ ಹೊಳ್ಳಿ ಬಂತು," ಅಂದುಬಿಟ್ಟ.

"ಹೂಂ!" ಎಂದಳು ನೀಲವ್ವ. ಅವಳ ಮುಖ ಅರಳಿತ್ತು.

ಮರುದಿನದಿಂದ ಅವಳು ಹೊಳೆದಂಡೆ ಬಿಟ್ಟು ಏಳಲಿಲ್ಲ. ಸೋದರತ್ತೆ ರೊಟ್ಟಿ ತಂದು ರಮಿಸಿದರೆ, "ಅವ್ವ ಬರ್ತಾಳ, ಆಕಿ ಕೈಲೆ ಉಣ್ತೀನಿ," ಅನ್ನುತ್ತಿದ್ದಳು. ಸೊರಗಿ ಕಡ್ಡಿಯಾದಳು.

ಅತ್ತೆ ಮಠಕ್ಕೆ ಬಂದು ಗೋಳಾಡಿದಳು. ಅಜ್ಜ ಶಿಷ್ಯನನ್ನು ಕರೆದರು.

"ಕೊಕ್ಕರಿ ಹೊಳ್ಳಿ ಬಂತಂತಲ್ಲೋ?"

"ಆ ಕೂಸಿನ ಮಾರಿ ನೋಡಿ ಹೇಳಾಕ ಆಗಲಿಲ್ರೀ ಅಜ್ಜಾರ. ಕರುಣಾ ಬಂತು."

"ಯಾರ ಮ್ಯಾಲ ಬಂತು? ಆಕಿ ಮ್ಯಾಲೋ, ಆಕಿ ಅಳೂದು ನೋಡಬೇಕಾಗಿದ್ದ ನಿನ್ನ ಮ್ಯಾಲೋ?"

ಅಜ್ಜ ಅಲ್ಲಿಗೇ ಬಿಡಲಿಲ್ಲ.

"ಅವ್ವನ್ನ ತಂದುಕೊಟ್ಟಿ. ಮರಿ ರೆಕ್ಕಿ ಏನಾತು?"

ರೆಕ್ಕೆಯ ನೆನಪೇ ಅವನಿಗಿರಲಿಲ್ಲ. ತಾಯಿ ಬಂದ ಮೇಲೆ ಮರಿ ಹಾರುವ ಮಾತೆಲ್ಲಿ? ಅದನ್ನು ಗೂಡಲ್ಲೇ ಕೂರಿಸಿ ಕಥೆ ಮುಗಿಸಿದ್ದ.

"ಹೋಗು. ಇದ್ದದ್ದು ಇದ್ದಂಗ ಹೇಳಿ ಬಾ."

ಅವನು ದಂಡೆಗೆ ಹೋಗಿ ನೀಲವ್ವನ ಪಕ್ಕ ಕೂತು ಮೊದಲಿಂದ ಶುರು ಮಾಡಿದ. ಅವಳು ನೀರು ನೋಡುತ್ತಲೇ ಹೂಂಗುಟ್ಟಿದಳು. ಕೊಕ್ಕರೆ ಗೂಡು ಕಟ್ಟಿತು. ಹೂಂ. ಮರಿ ಮಾಡಿತು. ಹೂಂ. ಕಡಲು ದಾಟಿ ಹೋಯಿತು. ಹೂಂ.

"ಹೊಳ್ಳಿ ಬರಲಿಲ್ಲವ್ವಾ."

ಹೂಂ ಬರಲಿಲ್ಲ.

ಅವನು ಕಾದ. ಇನ್ನೊಂದೇ ಹೂಂ ಸಿಕ್ಕಿದ್ದರೆ ರೆಕ್ಕೆಯ ಮಾತು ಹೇಳಬಹುದಿತ್ತು. ಆ ಕೂಸಿಗೆ ಬೇಕಾಗಿದ್ದದ್ದು ಅದೊಂದೇ ಮಾತು. ಅದು ಅವನ ನಾಲಗೆಯ ತುದಿಯಲ್ಲೇ ಉಳಿಯಿತು.

ಮಠಕ್ಕೆ ಬಂದು ಅಜ್ಜನ ಕಾಲ ಬಳಿ ಕೂತ.

"ಹೂಂ ಅನ್ನಾಕ ಒಲ್ಲಳ್ರೀ. ರೆಕ್ಕಿ ತನಕ ಹೋಗಾಕ ಆಗಲಿಲ್ಲ."

"ಏನೂ ಅನ್ನಲಿಲ್ಲೇನು?"

"ಒಂದ ಮಾತು ಕೇಳಿದ್ಲು. 'ಹಂಗಾರ ಅವತ್ತು ಸುಳ್ಳ ಹೇಳಿದ್ರೇನು?' ಅಂದ್ಲು."

"ನೀ ಏನಂದಿ?"

"ಬಾಯಿ ಬರಲಿಲ್ರೀ. ಎದ್ದು ಬಂದೆ."

ಅಜ್ಜ ಹೊಳೆಯ ಕಡೆ ನೋಡಿದರು. ದಂಡೆಯ ಮೇಲೆ ಆ ಪುಟ್ಟ ಬೆನ್ನು ಇನ್ನೂ ಕಾಣುತ್ತಿತ್ತು.

"ಹೋಗು," ಅಂದರು. "ಹೂಂ ಅನ್ನು."