ಕಂಬಕ್ಕೆ ಹೆದರಿದ ಚೆಲುವ

ಬನ್ನಿ, ಹತ್ತಿರ ಬಂದು ಕೂತ್ಕೊಳ್ಳಿ. ನಗೋದಾದರೆ ನಗಿ, ಆದರೆ ಇವನನ್ನು ಬೈಯಬೇಡಿ. ಬೈಯೋದಕ್ಕೆ ಅವನ ಅವ್ವ ಇದ್ದಾಳೆ, ಅವಳೊಬ್ಬಳೇ ಸಾಕು.

ಒಂದೂರು. ಆ ಊರಲ್ಲಿ ಹೊಂಬಾಳಮ್ಮ ಅಂತ ಒಬ್ಬ ತಾಯಿ, ಅವಳಿಗೆ ಚೆಲುವ ಅಂತ ಒಬ್ಬನೇ ಮಗ. ಹೆಸರೂ ಚೆಲುವ, ಆಳೂ ಆರಡಿ ಚೆಲುವ. ತಲೆ ಮಾತ್ರ ಸ್ವಲ್ಪ ನಿಧಾನ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಒಂದು ಕೂದಲೆಳೆ ಹೆಚ್ಚಿಲ್ಲ, ಒಂದು ಕೂದಲೆಳೆ ಕಮ್ಮಿಯಿಲ್ಲ.

"ಚೆಲುವಾ, ಅಂಗಳದಲ್ಲಿ ರಾಗಿ ಒಣಗಾಕಿದೀನಿ, ಕೋಳಿ ಬಂದ್ರೆ ಓಡ್ಸು" ಅಂತ ಹೇಳಿ ಅವ್ವ ನೀರಿಗೆ ಹೋದಳು. ವಾಪಸ್ ಬಂದು ನೋಡಿದರೆ ಬರೀ ಚಾಪೆ!

"ಅಯ್ಯೋ, ರಾಗಿ ಎಲ್ಲೋ?"

"ಮೇಕೆ ತಿಂದ್ಬಿಡ್ತು ಕಣವ್ವಾ."

"ಓಡ್ಸೋದಲ್ವೇನೋ?"

"ಕೋಳಿ ಒಂದೂ ಬರ್ಲೇ ಇಲ್ಲ ಕಣವ್ವಾ! ಕಾಯ್ತಾನೇ ಕೂತಿದ್ದೆ!"

ಹೊಂಬಾಳಮ್ಮ ತಲೆ ಮೇಲೆ ಕೈ ಹೊತ್ತು ಕೂತಳು. ನಾನು ಕಣ್ಣು ಮುಚ್ಚಿದ ಮೇಲೆ ಇವನ ಗತಿ ಏನಪ್ಪಾ? ಅದೊಂದೇ ಅವಳ ಚಿಂತೆ.

ಆಮೇಲೆ ಏನಾಯ್ತು, ಪುಣ್ಯಾತ್ಮರು ಯಾರೋ ಅವನಿಗೆ ಲಗೇಜ್ ಆಟೋ ಓಡಿಸೋದು ಕಲಿಸಿದರು. ಎಡಕ್ಕೆ ಅಂದರೆ ಎಡಕ್ಕೆ! ನಿಲ್ಲು ಅಂದರೆ ನಿಂತ! ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನಿಗೆ ಇದಕ್ಕಿಂತ ಒಗ್ಗುವ ಕೆಲಸ ಯಾವುದಿದೆ ಹೇಳಿ. ಲೈಸೆನ್ಸ್ ಕೈಗೆ ಬಂದ ದಿನ ಅದನ್ನು ಕಣ್ಣಿಗೊತ್ತಿಕೊಂಡು ಖಾಕಿ ಅಂಗಿಯ ಜೇಬಿನಲ್ಲಿಟ್ಟ. ಗಳಿಗೆಗೊಮ್ಮೆ ಮುಟ್ಟಿ ನೋಡುವನು. ಊರೆಲ್ಲ ಪೆದ್ದ ಅಂದವನಿಗೆ ಸರ್ಕಾರವೇ 'ನೀನು ಗಾಡಿ ಓಡಿಸಬಲ್ಲೆ' ಅಂತ ಬರೆದುಕೊಟ್ಟಿದೆ, ಸುಮ್ನೇನಾ!

ಹೊಂಬಾಳಮ್ಮ ಮನೆಯಲ್ಲಿ ಮುದ್ದೆ ಸಾರು ಮಾಡುವಳು. ಚೆಲುವ ಅದನ್ನು ಆಟೋದಲ್ಲಿಟ್ಟುಕೊಂಡು ಪೇಟೆಯಲ್ಲಿದ್ದ ತೆಂಗಿನ ನಾರಿನ ಕಾರ್ಖಾನೆಗೆ ಹೋಗುವನು. ಅಲ್ಲಿ ಮೂವತ್ತು ಜನ ಆಳುಗಳು ಮಧ್ಯಾಹ್ನದ ಊಟಕ್ಕೆ ಇವನ ದಾರಿ ಕಾಯುವರು. ತಾಯಿ ಮಗನ ಬದುಕು ಹೀಗೆ ಸೊಗಸಾಗಿ ನಡೀತಿತ್ತು.

ಅಷ್ಟರಲ್ಲಿ ಪೇಟೆ ಬಾಗಿಲಲ್ಲಿ ಒಂದು ಕಂಬ ನೆಟ್ಟರು. ಕಂಬದ ತುದಿಗೆ ಒಂದು ಡಬ್ಬ, ಡಬ್ಬಕ್ಕೊಂದು ಗಾಜು. ಕೆಳಗೆ ಬೋರ್ಡು: ವೇಗ ನಲವತ್ತು, ಕ್ಯಾಮರಾ ಇದೆ, ಮೀರಿದರೆ ದಂಡ.

ಒಂದು ದಿನ ಚೆಲುವ ಕಂಬ ದಾಟುವಾಗ ಡಬ್ಬ ಫಳಕ್ ಅಂತು. ಎದೆ ಧಸಕ್ ಅಂತು! ಮೀಟರ್ ನೋಡಿದ. ಮುಳ್ಳು ನಲವತ್ತರ ಮೇಲೆ ನಡುಗ್ತಾ ಇತ್ತು. ನಲವತ್ತೇ ಇತ್ತಾ? ನಲವತ್ತೊಂದು ಇತ್ತಾ? ಮುಳ್ಳು ನಡುಗ್ತಾ ಇತ್ತಾ, ನಾನೇ ನಡುಗ್ತಾ ಇದ್ದೆನಾ?

ಮನೆಗೆ ಬಂದವನು ಊಟ ಮುಟ್ಟಲಿಲ್ಲ.

"ಯಾಕೋ ಮಗಾ, ಮೈ ಸರಿ ಇಲ್ವಾ?"

"ಅವ್ವಾ, ಕಂಬ ನನ್ನ ಫೋಟೋ ಹಿಡ್ಕೊಂಡ್ತು. ಮನೆಗೆ ದಂಡದ ಕಾಗದ ಬರುತ್ತೆ. ಲೈಸೆನ್ಸು ಕಿತ್ಕೊತಾರೆ. ನಾನು ಮತ್ತೆ ಪೆದ್ದ ಆಗೋಗ್ತೀನಿ ಕಣವ್ವಾ!"

ಅವ್ವ ಅವನ ತಲೆ ಸವರಿದಳು. "ಒಂದು ಸಲಕ್ಕೆ ಯಾರೂ ಕಿತ್ಕೊಳಲ್ಲ, ಸುಮ್ನಿರು. ಇನ್ಮೇಲೆ ಆ ಕಂಬ ಬಂದಾಗ ನಿಧಾನಕ್ಕೆ ಹೋಗು. ಜನ ನಡ್ಕೊಂಡು ಹೋಗ್ತಾರಲ್ಲ, ಹಂಗೆ ಹೋಗು."

ಆಗಲವ್ವಾ ಅಂದ.

ಮಾರನೇ ದಿನ ಕಂಬ ಇನ್ನೂ ಅರ್ಧ ಮೈಲಿ ಇರುವಾಗಲೇ ಆಟೋ ಆರಿಸಿದ, ಇಳಿದ, ತಳ್ಳೋಕೆ ಶುರು ಮಾಡಿದ! ಉರಿಬಿಸಿಲು. ಮುದ್ದೆ ಪಾತ್ರೆ, ಸಾರಿನ ಪಾತ್ರೆ, ಮೂರು ಗಾಲಿ ಗಾಡಿ. ನಡ್ಕೊಂಡು ಹೋಗೋರು ಇವನನ್ನು ಹಿಂದೆ ಹಾಕಿ ಹೋದರು. ಕಾರ್ಖಾನೆ ಮುಟ್ಟುವಾಗ ಮುದ್ದೆ ಕಲ್ಲು, ಸಾರು ತಣ್ಣೀರು. ಮೂವತ್ತು ಜನ ಮುಖ ಊದಿಸಿಕೊಂಡು ತಿಂದರು.

"ಗಾಡಿ ಕೆಟ್ರೆ ತಳ್ಳೋದು ಕಣೋ! ನೆಟ್ಟಗಿರೋ ಗಾಡೀನ ಯಾರು ತಳ್ತಾರೋ?" ಅಂದಳು ಅವ್ವ, ಸಂಜೆ ಮನೆಯಲ್ಲಿ.

"ನೀನೇ ತಾನೆ ನಡ್ಕೊಂಡು ಹೋಗು ಅಂದದ್ದು?"

"ನನ್ನ ಬಾಯಿಗೆ ಮಣ್ಣಾಕ! ಗಾಡೀಲಿ ಕೂತ್ಕೊಂಡು, ಮುಂದಿನೋರು ಹೆಂಗೆ ಹೋಗ್ತಾರೋ ನೋಡು, ಅವರ ಹಿಂದೆ ಅವರ ಹಾಗೇ ಹೋಗು. ತಿಳೀತಾ?"

"ತಿಳೀತವ್ವಾ."

ಮಾರನೇ ದಿನ ಕಂಬದ ಹತ್ತಿರ ಮುಂದೆ ಒಂದು ಟ್ರಾಕ್ಟರ್ ಹೋಗ್ತಿತ್ತು. ಮೈತುಂಬ ಚೆಂಡು ಹೂ, ಮುಂದೆ ತಮಟೆ, ಪಕ್ಕದಲ್ಲಿ ಪುರಿ ಎರಚೋರು. ಆಹಾ, ಎಷ್ಟು ನಿಧಾನ! ಚೆಲುವ ಅದರ ಹಿಂದೆ ಅಂಟಿಕೊಂಡ. ಅದು ಎಡಕ್ಕೆ, ಇವನು ಎಡಕ್ಕೆ. ಅದು ಹಳ್ಳಕ್ಕೆ ಇಳೀತು, ಇವನೂ ಇಳಿದ. ಕೊನೆಗೆ ನಿಂತಿತು. ಎಲ್ಲಿ? ಮಸಣದಲ್ಲಿ!

ಎಲ್ಲರೂ ಮೂರು ಹಿಡಿ ಮಣ್ಣು ಹಾಕಿದರು, ಇವನೂ ಹಾಕಿದ. ಎಲ್ಲರೂ ಅತ್ತರು, ಇವನೂ ಅತ್ತ. ಅವನಿಗೆ ಅಳೋಕೆ ಕಾರಣ ಬೇಕಿರಲಿಲ್ಲ, ಲೈಸೆನ್ಸಿನ ಚಿಂತೆ ಇತ್ತಲ್ಲ. ಸತ್ತವರ ಅಳಿಯ ಬಂದು ಇವನ ಹೆಗಲು ಹಿಡಿದು, "ಇಷ್ಟೊಂದು ಅಳ್ತಿದೀಯಲ್ಲಪ್ಪ, ನಿನಗೆ ಅವರು ಏನಾಗಬೇಕು?" ಅಂದ.

"ಅವರು ಮುಂದಿನೋರು ಅಣ್ಣಾ, ನಾನು ಹಿಂದಿನೋನು!"

ಎಲ್ಲರ ಹಾಗೆ ಕೆರೆಯಲ್ಲಿ ಮುಳುಗೆದ್ದು ಒದ್ದೆ ಬಟ್ಟೆಯಲ್ಲಿ ಮನೆಗೆ ಬಂದ. ಪಾತ್ರೆ ಹಾಗೇ ಇತ್ತು. ಹೊಂಬಾಳಮ್ಮ ಹೌಹಾರಿದಳು.

"ಅಯ್ಯೋ ಪಾಪಿ! ಮಸಣಕ್ಕೆ ಹೋಗಿಬಂದ ಮುದ್ದೇನ ಯಾರು ಮುಟ್ತಾರೋ? ಮೂವತ್ತು ಜನ ಉಪವಾಸ!"

"ಮುಂದಿನೋರ ಹಾಗೇ ಹೋದೆ ಕಣವ್ವಾ. ಎಷ್ಟು ನಿಧಾನ ಹೋದ್ರು ಗೊತ್ತಾ? ಕಂಬ ಕಣ್ಣೇ ಬಿಡ್ಲಿಲ್ಲ."

"ಮುಂದಿರೋರು ಯಾರು, ಎತ್ತ ಅಂತ ವಿಚಾರಿಸಬೇಡ್ವಾ? ಅನುಮಾನ ಬಂದ್ರೆ ನಿಲ್ಲಿಸಿ ಕೇಳೋ, ಯಾರು ನೀವು, ಎಲ್ಲಿಗೆ ಹೋಗ್ತೀರಾ ಅಂತ. ಬಾಯಿ ಇಲ್ವಾ ನಿಂಗೆ?"

"ಐತವ್ವಾ."

ಮಾರನೇ ದಿನ ಊಟ ಹೊತ್ತಿಗೆ ಸರಿಯಾಗಿ ಮುಟ್ಟಿಸಿದ. ಬರುವಾಗ ಕಂಬದ ಬುಡದಲ್ಲಿ ಅನುಮಾನ ಶುರುವಾಯ್ತು. ಆಟೋ ಬದಿಗೆ ಹಾಕಿ ರಸ್ತೆಗೆ ಬಂದು ಕೈ ಅಡ್ಡ ಹಿಡಿದ. ಲಾರಿ ನಿಂತಿತು.

"ಯಾರು ನೀವು? ಎಲ್ಲಿಗೆ ಹೋಗ್ತೀರಾ? ಎಷ್ಟರಲ್ಲಿ ಹೋಗ್ತೀರಾ?"

ಆರಡಿ ಆಳು, ಖಾಕಿ ಅಂಗಿ, ಗಂಭೀರ ಮುಖ. ಲಾರಿಯವನು ಬೆವತು ಹೋದ. "ತಪ್ಪಾಯ್ತು ಸ್ವಾಮಿ" ಅಂತ ಒಂದು ಬಾಳೆಗೊನೆ ಇಳಿಸಿ ಹೋದ. ಹಿಂದಿನ ವ್ಯಾನಿನವನು ಎರಡು ಕುಂಬಳಕಾಯಿ ಕೊಟ್ಟ. ಸಂತೆಯಿಂದ ಬರ್ತಿದ್ದವನು ಒಂದು ಹುಂಜ ಕೊಟ್ಟು, "ಸಾಹೇಬ್ರೇ, ಲೈಟು ನಾಳೆನೇ ರಿಪೇರಿ ಮಾಡಿಸ್ತೀನಿ" ಅಂದ. ಯಾರೂ ಎಷ್ಟರಲ್ಲಿ ಹೋಗ್ತೀವಿ ಅಂತ ಮಾತ್ರ ಹೇಳಲಿಲ್ಲ.

ಆಟೋ ತುಂಬಿಸಿಕೊಂಡು ಮನೆಗೆ ಬಂದ. ಹೊಂಬಾಳಮ್ಮ ಹುಂಜ ನೋಡಿದಳು, ಗೊನೆ ನೋಡಿದಳು, ಮಗನ ಖಾಕಿ ಅಂಗಿ ನೋಡಿದಳು. ಅರ್ಥವಾಗಿ ಎದೆ ಎದೆ ಬಡಿದುಕೊಂಡಳು.

"ಹಾಳಾದೋನೇ! ಇದು ನಮ್ದಾ? ಜೈಲಿಗೆ ಹಾಕ್ತಾರೋ!"

"ಕೇಳಿದ್ದು ಒಂದು ಮಾತು ಕಣವ್ವಾ. ಅವರೇ ಕೊಟ್ರು!"

"ಕೇಳಿಲ್ಲಿ. ಹೆಚ್ಚಿಗೆ ಬಂದದ್ದು ಒಂದು ಕಾಳೂ ನಮಗೆ ಬೇಡ. ಎಲ್ಲಿ ಹೆಚ್ಚಾಯ್ತೋ ಅಲ್ಲಿಗೇ ಹೋಗಿ, ಹೆಚ್ಚಾದಷ್ಟನ್ನೂ ಹಿಂದಕ್ಕೆ ಕೊಟ್ಟು ಬರಬೇಕು. ಆಗ ಮನಸ್ಸು ಹಗುರ ಆಗುತ್ತೆ."

ಎರಡು ದಿನ ಕಂಬದ ಹತ್ತಿರ ಕಾದು, ಅದೇ ಗಾಡಿಗಳನ್ನು ಹುಡುಕಿ, ಅವರವರದ್ದು ಅವರವರಿಗೆ ಕೊಟ್ಟ. ಬಾಳೆಗೊನೆಯಲ್ಲಿ ಎರಡು ಹಣ್ಣು ತಿಂದಿದ್ದ, ಅದರ ಸಿಪ್ಪೆಯನ್ನೂ ಕೊಟ್ಟ. ನಿಜವಾಗಿ ಮನಸ್ಸು ಹಗುರ ಆಯ್ತು! ಈ ಒಂದು ಬುದ್ಧಿಮಾತು ಅವನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತು.

ಆದರೆ ಹಳೇ ಚಿಂತೆ ಎಲ್ಲಿ ಹೋಗುತ್ತೆ? ಅಂಚೆಯವನ ಸೈಕಲ್ ಬೆಲ್ ಕೇಳಿದರೆ ಸಾಕು, ಚೆಲುವ ಲೈಸೆನ್ಸ್ ಜೇಬನ್ನು ಅದುಮಿ ಹಿಡಿದು ಮಂಚದ ಕೆಳಗೆ ನುಗ್ಗುವನು. "ನಂಗಾ ಅಣ್ಣಾ?" ಅನ್ನುವನು ಅಲ್ಲಿಂದಲೇ. "ಇಲ್ಲ ಕಣಪ್ಪ" ಅಂತ ಅಂಚೆಯವನು. "ಹಂಗಾದ್ರೆ ನಾಳೆ ಬರುತ್ತೆ" ಅಂತ ಇವನು ಇನ್ನೂ ಸೊರಗುವನು. ಬಂದರೆ ಒಂದು ದಿನದ ಸಂಕಟ, ಬರದಿದ್ದರೆ ದಿನಾ ಸಂಕಟ. ಇದು ಬುದ್ಧಿವಂತರಿಗೂ ಆಗುವುದೇ, ಅವರು ಮಂಚದ ಕೆಳಗೆ ಹೋಗಲ್ಲ, ಅಷ್ಟೇ.

ಹೀಗಿರುವಾಗ ಒಂದು ಬೆಳಗ್ಗೆ ಹೊಂಬಾಳಮ್ಮ ಒಲೆಗೆ ಸೌದೆ ಎಳೆಯೋಕೆ ಹೋದಳು. "ಅಯ್ಯಪ್ಪಾ!" ಅಂತ ಕೂಗಿದಳು. ಚೆಲುವ ಓಡಿಬಂದು ನೋಡಿದರೆ ಸೌದೆ ಸಂದಿಯಲ್ಲಿ ಸರಸರ ಹಾವು ಹೋಗ್ತಿದೆ, ಅವ್ವನ ಕಾಲಲ್ಲಿ ಎರಡು ಚುಕ್ಕೆ ರಕ್ತ.

ಅವ್ವನನ್ನು ಎತ್ತಿ ಆಟೋ ಹಿಂದೆ ಮಲಗಿಸಿದ. ಪೇಟೆ ಆಸ್ಪತ್ರೆಗೆ ಹೊರಟ. ನಲವತ್ತು ಮುಟ್ಟಿತು. ಅಲ್ಲೇ ನಿಲ್ಲಿಸಿದ ಮುಳ್ಳನ್ನು.

"ಮಗಾ, ಜೋರಾಗಿ ಹೋಗೋ. ನಾಲಿಗೆ ಎಳೀತಾ ಐತೆ."

"ಅವ್ವಾ, ಕಂಬ ಬಂತು!"

"ಆ ಕಂಬಕ್ಕೆ ಬೆಂಕಿ ಹಾಕ!"

"ಬೆಂಕಿಪೊಟ್ಣ ತಂದಿಲ್ಲ ಕಣವ್ವಾ!" ಅಂತ ಅಳ್ತಾ ಅಂದ.

ಹಿಂದಿನಿಂದ ಬೈಗುಳ ಬರಲಿಲ್ಲ. ತಿರುಗಿ ನೋಡಿದ. ಅವ್ವನ ಕಣ್ಣು ಮುಚ್ಚುತ್ತಾ ಇತ್ತು. ಇವತ್ತಿನವರೆಗೂ ಅವ್ವ ಬೈಯದೆ ಬಿಟ್ಟದ್ದೇ ಇಲ್ಲ. ಚೆಲುವ ಜೇಬಿನಿಂದ ಲೈಸೆನ್ಸ್ ತೆಗೆದ, ಕಂಬಕ್ಕೆ ಕಾಣೋ ಹಾಗೆ ಎತ್ತಿ ಹಿಡಿದ.

"ತಗೋ! ಇದು ಹೋದ್ರೆ ಹೋಗ್ಲಿ, ನಮ್ಮವ್ವ ಹೋಗ್ಬಾರ್ದು!"

ಐವತ್ತು! ಅರವತ್ತು! ಡಬ್ಬ ಫಳಕ್ ಅಂತು. ಅನ್ನಲಿ ಬಿಡು. ಆಟೋ ಆಸ್ಪತ್ರೆ ಮೆಟ್ಟಿಲ ಹತ್ತಿರ ಹೋಗಿ ನಿಂತಿತು. ಈ ಒಂದು ಕೆಲಸ ಮಾತ್ರ ಅವನಿಗೆ ಯಾರೂ ಹೇಳಿಕೊಟ್ಟದ್ದಲ್ಲ ನೋಡಿ.

ಡಾಕ್ಟರು, "ಸರಿಯಾದ ಹೊತ್ತಿಗೆ ತಂದೆಯಪ್ಪ. ಇನ್ನು ಸ್ವಲ್ಪ ತಡ ಆಗಿದ್ರೆ ಕಷ್ಟ ಇತ್ತು" ಅಂದರು. ನಾಲ್ಕನೇ ದಿನ ಹೊಂಬಾಳಮ್ಮ ಎದ್ದು ಕೂತು ಮೊದಲು ಮಾಡಿದ ಕೆಲಸ, "ಅಂಗಿ ತಿರುಗುಮುರುಗ ಹಾಕ್ಕೊಂಡಿದೀಯಲ್ಲೋ ಪೆದ್ದ" ಅಂತ ಬೈದದ್ದು. ಚೆಲುವನಿಗೆ ಹೋದ ಜೀವ ಬಂದ ಹಾಗಾಯ್ತು.

ಅವ್ವನನ್ನು ಆಟೋ ಹಿಂದೆ ಕೂರಿಸಿಕೊಂಡು ಮನೆ ಕಡೆ ಹೊರಟ. ಕಂಬದ ಹತ್ತಿರ ಬಂದಾಗ ಗಾಡಿ ತಿರುಗಿಸಿ, ಹಿಂದ್ಹಿಂದಕ್ಕೆ ಬಿಡೋಕೆ ಶುರು ಮಾಡಿದ! ಅವ್ವ ಮುಂದೆ, ಮಗ ಹಿಂದೆ. ಕಂಬ ದಾಟಿತು. ನಿಧಾನವಾಗಿ ಮುಂದಕ್ಕೆ ಬಂದ, ಮತ್ತೆ ಹಿಂದಕ್ಕೆ ಹೋದ. ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ.

"ಏನೋ ಇದು? ಲೋ! ಯಾರಾದ್ರೂ ಹಿಡ್ಕೊಳ್ರಪ್ಪಾ ಇವನ್ನ!"

ಬಸ್ಸು ನಿಂತಿತು, ಬೈಕು ನಿಂತವು. ಪೀಪಿ ಊದುತ್ತಾ ಪೊಲೀಸ್ ದಫೇದಾರ್ ರುದ್ರಪ್ಪ ಓಡಿಬಂದರು.

"ಏಯ್, ನಿಲ್ಸೋ! ತಲೆ ನೆಟ್ಟಗಿದೆಯಾ?"

"ಇನ್ನೊಂದೇ ಸಲ ಸಾರ್, ಮುಗೀತು!"

"ಏನು ಮುಗೀತು?"

"ನಾಲ್ಕು ದಿನದ ಹಿಂದೆ ಇಲ್ಲಿ ಅರವತ್ತರಲ್ಲಿ ಹೋಗ್ಬಿಟ್ಟೆ ಸಾರ್. ಇಪ್ಪತ್ತು ಹೆಚ್ಚಾಯ್ತು. ಎಲ್ಲಿ ಹೆಚ್ಚಾಯ್ತೋ ಅಲ್ಲೇ ಹಿಂದಕ್ಕೆ ಕೊಡಬೇಕು ಅಂತ ನಮ್ಮವ್ವ ಹೇಳೌಳೆ. ರಿವರ್ಸಲ್ಲಿ ಐದಕ್ಕಿಂತ ಜಾಸ್ತಿ ಬರಲ್ಲ. ಅದಕ್ಕೇ ನಾಲ್ಕು ಸಲ!"

ದಫೇದಾರರು ಹಣೆ ಒರೆಸಿಕೊಂಡರು. ಹೊಂಬಾಳಮ್ಮ ಹಾವಿನ ಕತೆ ಹೇಳಿದಳು. ಕೇಳಿ ಅವರ ಮುಖ ಮೆತ್ತಗಾಯ್ತು.

"ಲೋ ಮಗನೇ, ಆ ಡಬ್ಬದಲ್ಲಿ ಕ್ಯಾಮರಾನೇ ಇಲ್ವೋ! ಡಬ್ಬ ಇಟ್ಟು ಹೋದೋರು ಇನ್ನೂ ವಾಪಸ್ ಬಂದಿಲ್ಲ. ಬಿಸಿಲು ಬಿದ್ರೆ ಗಾಜು ಹೊಳೆಯುತ್ತೆ, ಅಷ್ಟೇ. ನೋಡಲ್ಲಿ ಮೇಲೆ."

ಡಬ್ಬದ ತೂತಿನಿಂದ ಒಂದು ಗುಬ್ಬಚ್ಚಿ ತಲೆ ಹೊರಗೆ ಹಾಕಿ ಚೆಲುವನನ್ನೇ ನೋಡಿತು.

"ಹಂಗಾದ್ರೆ ಜೋರಾಗಿ ಹೋದದ್ದಕ್ಕೆ ದಂಡ ಇಲ್ವಾ ಸಾರ್?"

"ಇಲ್ಲ. ಆದ್ರೆ ದೊಡ್ಡ ರಸ್ತೇಲಿ ಹಿಂದ್ಹಿಂದಕ್ಕೆ ಹೋದದ್ದಕ್ಕೆ ಇದೆ!" ಅಂತ ಚೀಟಿ ಹರಿದು ಕೊಟ್ಟರು.

ಚೆಲುವ ಎರಡೂ ಕೈಯಲ್ಲಿ ತಗೊಂಡ, ಕಣ್ಣಿಗೊತ್ತಿಕೊಂಡ. "ಅವ್ವಾ! ಬಂತವ್ವಾ! ಕೊನೆಗೂ ಬಂತು!" ಅಂತ ರಸ್ತೆಯಲ್ಲೇ ಕುಣಿದ. "ಲೈಸೆನ್ಸು ಸಾರ್?"

"ನಿನ್ನ ಹತ್ರನೇ ಇರ್ಲಿ. ಅವ್ವನ್ನ ಉಳಿಸ್ಕೊಂಡೋನು ನೀನು. ಹೊರಡು ಇನ್ನು. ಗುಬ್ಬಚ್ಚಿ ಮೊಟ್ಟೆ ಇಟ್ಟಿದೆ, ಸದ್ದು ಮಾಡದೆ ಹೋಗು" ಅಂತ ನಗ್ತಾ ಅಂದರು.

"ಆಗ್ಲಿ ಸಾರ್."

ಚೆಲುವ ಆಟೋ ಆರಿಸಿದ. ಇಳಿದ. ಹಿಂದೆ ಬಂದು ತಳ್ಳೋಕೆ ಶುರು ಮಾಡಿದ!

ಹೊಂಬಾಳಮ್ಮ ಬೈಯೋಕೆ ಬಾಯಿ ತೆಗೆದಳು. ಮಗನ ಮುಖ ನೋಡಿದಳು. ಒಂದು ತಿಂಗಳಾಗಿತ್ತು ಆ ಮುಖದಲ್ಲಿ ನಗು ಕಂಡು. ಬಾಯಿ ಮುಚ್ಚಿದಳು.

"ಮೆತ್ತಗೆ ತಳ್ಳು ಮಗಾ" ಅಂದಳು, "ಮೊಟ್ಟೆ ಇಟ್ಟೈತಂತೆ."

ಅವರ ಆಟೋ ಮನೆ ಮುಟ್ಟೋಕೆ ಇನ್ನೂ ಹೊತ್ತಿದೆ. ನೀವು ಏಳಿ, ಸದ್ದು ಮಾಡದೆ ಮನೆಗೆ ಹೋಗಿ.