ನೀರು ತಗ್ಗಿಸದ ಮೇಸ್ತ್ರಿ

"ಗುರುಗಳೇ, ಜಪವನ್ನು ಎರಡು ಪಟ್ಟು ಮಾಡಿದೆ. ವಾರಕ್ಕೊಂದು ಉಪವಾಸ ಹಿಡಿದೆ. ಆದರೂ ಯಾರಾದರೂ ಒಂದು ಮಾತು ಆಡಿದರೆ ಸಾಕು, ಒಡೆದುಹೋಗುತ್ತೇನೆ. ಮನಸ್ಸು ಗಟ್ಟಿಯಾಗಲು ಇನ್ನೇನು ಸೇರಿಸಲಿ?" ಎಂದು ಶಿಷ್ಯ ಪರ್ವತಯ್ಯ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಹಳ್ಳಕ್ಕೆ ಹಳೆಯ ಕಾಂಕ್ರೀಟ್ ಕಾಲುಸೇತುವೆ ಇತ್ತು. ಆಚೆ ದಡದವರು ಆಸ್ಪತ್ರೆಗೆ ಬರಲು ಅದೊಂದೇ ದಾರಿ. ಅದು ಬಿರುಕು ಬಿಟ್ಟಾಗ, ಕೆಡವಿ ಹೊಸದು ಕಟ್ಟುವ ಕೆಲಸ ಒಬ್ಬ ಮೇಸ್ತ್ರಿಯ ಪಾಲಿಗೆ ಬಂತು. ಜಲ್ಲಿ ಸಿಗುವ ಜಾಗ ದೂರ. ಹಾಗಾಗಿ ಕೆಡವಿದ ಕಾಂಕ್ರೀಟನ್ನೇ ಒಡೆದು ಜಲ್ಲಿ ಮಾಡಿಕೊಳ್ಳುವುದೆಂದು ತೀರ್ಮಾನವಾಯಿತು.

ಮೇಸ್ತ್ರಿ ಕೈಪಳಗಿದವನು. ಆದರೆ ಈ ಜಲ್ಲಿ ಅವನಿಗೆ ಹೊಸದು. ಹಳೆಯ ಗಾರೆ ಮೆತ್ತಿಕೊಂಡ ಆ ಚೂರುಗಳು ಹಾಕಿದ ನೀರನ್ನೆಲ್ಲ ಕುಡಿದುಬಿಡುತ್ತಿದ್ದವು. ಕಲಸಿದ್ದು ಬಿರುಸಾಗಿ, ಸಲಿಕೆ ಆಡುತ್ತಿರಲಿಲ್ಲ. ಆಳುಗಳು ಗೊಣಗಿದರು. ಅವನು ಇನ್ನೂ ನೀರು ಹೊಯ್ಯಿಸಿದ. ಬಲ ಪರೀಕ್ಷಿಸಲೆಂದು ಅದೇ ಕಾಂಕ್ರೀಟಿನಿಂದ ಅಚ್ಚು ಹಾಕಿದ ಕ್ಯೂಬುಗಳು ಒತ್ತಡ ತಾಳದೆ ಒಡೆದವು.

ಆಗ ಕೆಲಸದ ಉಸ್ತುವಾರಿಯಲ್ಲಿದ್ದ ಇಂಜಿನಿಯರಮ್ಮ ಒಂದು ಕ್ಯಾನು ಕೆಮಿಕಲ್ ಕಳಿಸಿದರು. ಜೊತೆಗೆ ಬಳಸುವ ಅಳತೆ ಬರೆದ ಚೀಟಿಯೂ ಇತ್ತು. ಮೂವತ್ತು ವರ್ಷ ಕಾಂಕ್ರೀಟ್ ಹಾಕಿದವನಿಗೆ ಚೀಟಿ ಯಾಕೆ ಎಂದು ಅವನು ಅದನ್ನು ಓದಲಿಲ್ಲ. ಹಾಕುತ್ತಿದ್ದ ನೀರಿನ ಜೊತೆಗೆ ಕೆಮಿಕಲನ್ನೂ ಹಾಕಿಸಿದ. ಕಾಂಕ್ರೀಟ್ ಗಂಜಿಯ ಹಾಗೆ ಹರಿಯಿತು. ಆಳುಗಳು ಖುಷಿಪಟ್ಟರು. ಅರ್ಧ ಸೇತುವೆಯ ಕಾಂಕ್ರೀಟ್ ಹಲಗೆ ಒಂದೇ ದಿನದಲ್ಲಿ ಮುಗಿಯಿತು. ತಿಂಗಳಾದ ಮೇಲೆ ಅದರ ಕ್ಯೂಬುಗಳನ್ನು ಒತ್ತಿದರೆ, ಅವೂ ಮೊದಲಿನವುಗಳಂತೆಯೇ ಪುಡಿಯಾದವು.

ಮೇಸ್ತ್ರಿ ಸಿಟ್ಟಿನಿಂದ ಹೇಳಿದ: "ಅಮ್ಮಾ, ನಿಮ್ಮ ಕೆಮಿಕಲ್ ಬರೀ ಸುಳ್ಳು."

"ಅದನ್ನ ಹಾಕಿ ನೀರು ಎಷ್ಟು ಕಮ್ಮಿ ಮಾಡಿದ್ರಿ?"

"ನೀರು ಯಾಕೆ ಕಮ್ಮಿ ಮಾಡ್ಲಿ? ಮೊದಲಿನಷ್ಟೇ ಹಾಕಿದೆ."

"ಅದು ಬಲ ತುಂಬೋ ಮದ್ದಲ್ಲ, ಮೇಸ್ತ್ರಿ. ಕಮ್ಮಿ ನೀರಲ್ಲೂ ಕಾಂಕ್ರೀಟ್ ಕೈಗೆ ಬಗ್ಗೋ ಹಾಗೆ ಮಾಡತ್ತೆ, ಅಷ್ಟೆ. ಹೆಚ್ಚಿನ ನೀರು ಆರಿಹೋದ ಜಾಗವೆಲ್ಲ ಒಳಗೆ ತೂತಾಗಿ ಉಳಿಯತ್ತೆ."

ಮೇಸ್ತ್ರಿ ಹಲಗೆಯನ್ನು ನೋಡಿದ. ಮೇಲೆ ನುಣ್ಣಗಿತ್ತು, ಒಂದು ಗೀರೂ ಇರಲಿಲ್ಲ. ಕೆಳಗೆ ಆಚೆ ದಡದ ಹೆಂಗಸೊಬ್ಬಳು ಬಸುರಿ ಸೊಸೆಯ ಕೈಹಿಡಿದು, ಮೊಣಕಾಲುದ್ದ ನೀರಲ್ಲಿ ಹಳ್ಳ ದಾಟುತ್ತಿದ್ದಳು. "ಮೇಸ್ತ್ರಿಯಣ್ಣಾ, ಇನ್ನೆಷ್ಟು ದಿನ?" ಎಂದಳು. ಅವನು ಹೋಗಿ ಕ್ಯಾನಿನ ಜೊತೆ ಬಂದಿದ್ದ ಚೀಟಿಯನ್ನು ಹುಡುಕಿ ಓದಿದ.

ಮರುದಿನ ಬೆಳಿಗ್ಗೆ ತನ್ನ ಕೈಯಾರೆ ಹಾಕಿದ ಹಲಗೆಗೆ ಮೊದಲ ಸುತ್ತಿಗೆ ಪೆಟ್ಟನ್ನು ಅವನೇ ಹಾಕಿದ. ಆಳುಗಳು ದೂರ ನಿಂತು ನೋಡಿದರು. ಆಮೇಲೆ ಅವನು ಹಳೆಯ ಚೂರುಗಳನ್ನು ತೊಳೆದು ಮುಂಚೆಯೇ ನೆನೆಸಿದ. ಕಲಸುವಾಗ ನೀರು ತಗ್ಗಿಸಿ, ಕೆಮಿಕಲನ್ನು ಚೀಟಿಯಲ್ಲಿದ್ದ ಅಳತೆಗೆ ಸರಿಯಾಗಿ ಹಾಕಿದ. ಈ ಸಲ ಕಾಂಕ್ರೀಟ್ ಗಂಜಿಯಾಗಲಿಲ್ಲ, ಆದರೆ ಸಲಿಕೆಗೆ ಬಗ್ಗಿತು. ಕ್ಯೂಬುಗಳು ತಾಳಿದವು. ಮಳೆಗಾಲ ಹಿಡಿಯುವ ಮೊದಲೇ ಜನ ಸೇತುವೆಯ ಮೇಲೆ ಓಡಾಡಿದರು.

ಗುರುಗಳು ನಿಲ್ಲಿಸಿದರು. ಪರ್ವತಯ್ಯ ಕಳವಳದಿಂದ ಕೇಳಿದ: "ಹಾಗಾದರೆ ನನ್ನ ಜಪ, ಉಪವಾಸ ಎಲ್ಲ ವ್ಯರ್ಥವೇ?"

"ಕೆಮಿಕಲ್ ವ್ಯರ್ಥವಾಗಿರಲಿಲ್ಲ, ಮಗು. ನೀನು ಸೇರಿಸಿದ್ದನ್ನೆಲ್ಲ ಹೇಳಿದೆ, ನಿನ್ನೊಳಗಿಂದ ತಗ್ಗಿಸಿದ್ದು ಏನು?"