ಸರೋವರಕ್ಕೆ ಹೊರಟ ರಿವರ್ಸ್ ಲೈಟು

ದೂರ ಹೋಗುವ ಗಾಡಿಯಲ್ಲಿ ಹೊಸ ಜಾಗ ಹೆಡ್‌ಲೈಟಿಗೆ, ಬಿಟ್ಟುಬಂದ ಊರು ಹಿಂದಿನ ದೀಪಗಳಿಗೆ ಎಂದು ಬಿಡಿಭಾಗದ ಅಂಗಡಿಯ ದೀಪಗಳೆಲ್ಲ ನಂಬಿದ್ದವು. ಅವಕ್ಕೆ ಇದನ್ನು ಹೇಳಿಕೊಟ್ಟದ್ದು ಹೆಡ್‌ಲೈಟೇ.

ಗೋಡೆಯ ಕ್ಯಾಲೆಂಡರಿನಲ್ಲಿ ಹಿಮಾಲಯದ ಒಂದು ಸರೋವರವಿತ್ತು. ಅದನ್ನೇ ನೋಡುತ್ತ ರಿವರ್ಸ್ ಲೈಟು ಕಪಾಟಿನಲ್ಲಿ ಮೂರು ವರ್ಷ ಕಳೆದಿತ್ತು.

ಹಳೆಯ ಲಾರಿಯನ್ನು ಮನೆಯಂತೆ ಮಾಡಿಕೊಂಡು ಅದೇ ಸರೋವರಕ್ಕೆ ಹೊರಟಿದ್ದ ನಿವೃತ್ತ ಭೂವಿಜ್ಞಾನಿ ಫ್ಲೇವಿಯಾ ಒಂದು ದಿನ ಅಂಗಡಿಗೆ ಬಂದರು. ಹೆಡ್‌ಲೈಟನ್ನೂ ಕೆಂಪು ಟೈಲ್‌ಲೈಟನ್ನೂ ಸರಿಯಾಗಿ ನೋಡದೆಯೇ ಕೊಂಡರು. ರಿವರ್ಸ್ ಲೈಟುಗಳನ್ನು ಮಾತ್ರ ಒಂದೊಂದಾಗಿ ಹೊತ್ತಿಸಿ ನೋಡಿದರು.

“ಅದಕ್ಯಾಕೆ ಮೇಡಂ ಇಷ್ಟು ತಲೆ ಕೆಡಿಸ್ಕೋತೀರಿ? ಹಿಂದೆ ನಿಂತು ಯಾರಾದ್ರೂ ‘ಬರ್ಲಿ, ಬರ್ಲಿ’ ಅಂತಾರೆ,” ಎಂದರು ಅಂಗಡಿಯ ನಜೀರ್ ಸಾಹೇಬರು.

“ಅಲ್ಲಿ ಯಾರಿರ್ತಾರೆ ಸಾಹೇಬ್ರೇ? ನಾನೊಬ್ಬಳೇ.”

ಕೊನೆಗೆ ಅವರು ಆರಿಸಿ ಕೊಂಡದ್ದು ಕ್ಯಾಲೆಂಡರ್ ನೋಡುತ್ತಿದ್ದ ಲೈಟನ್ನೇ. ಲಾರಿಯ ಹಿಂಬದಿಯಲ್ಲಿ ಕೂತು ಹನ್ನೊಂದು ದಿನ ರಿವರ್ಸ್ ಲೈಟು ದಾರಿಯ ಧೂಳನ್ನೇ ನೋಡಿತು. “ಸರೋವರ ಬಂತಾ?” ಎಂದು ಪಕ್ಕದ ಟೈಲ್‌ಲೈಟನ್ನು ದಿನವೂ ಕೇಳಿತು.

“ಬಂದರೆ ನಮಗೇನು ಮಾರಾಯ? ನಾವು ಅದಕ್ಕೆ ಬೆನ್ನು ಹಾಕಿಕೊಂಡೇ ಹೋಗುವವರು.”

“ಅದರ ಹೊಳಪು ಇತ್ತಲೂ ಸ್ವಲ್ಪ ಬೀಳಬಹುದಲ್ಲ.”

ಹನ್ನೆರಡನೆಯ ಸಂಜೆ ಹೆಡ್‌ಲೈಟು ಕೂಗಿತು: “ನೀರು ಕಂಡಿತು! ನಿಮಗೆ ಕಾಣದು, ಬಿಡಿ.”

ಫ್ಲೇವಿಯಾ ದಡದ ಬಯಲಿನಲ್ಲಿ ಲಾರಿಯನ್ನು ಪೂರ್ತಿ ತಿರುಗಿಸಿ ರಿವರ್ಸ್ ಗೇರ್ ಹಾಕಿದರು. ಬಿಳಿ ಬೆಳಕು ಮೊದಲು ಕಲ್ಲುಗಳ ಮೇಲೆ, ಆಮೇಲೆ ನೀರಿನ ಮೇಲೆ ಹರಡಿತು. ಅಲ್ಲಿ ತಂಗಿದ ಹತ್ತು ದಿನವೂ ಹೆಡ್‌ಲೈಟಿನ ಎದುರಿಗಿದ್ದದ್ದು ಬಂದ ರಸ್ತೆ.

ಲಾರಿಯ ಮಂಚವೂ ದೊಡ್ಡ ಕಿಟಕಿಯೂ ಹಿಂಬದಿಯಲ್ಲಿದ್ದವು.